ಮೂವತ್ತು ಗಂಡಂದಿರು, ಎರಡು ಪ್ರಶ್ನೆಗಳು: ರಿಯಾದ್‌ನ ಒಂದು ಪ್ರಕರಣ ಅಧ್ಯಯನ

2017ರಲ್ಲಿ ಸೌದಿ ಅರೇಬಿಯಾದ ರಾಜಧಾನಿ ರಿಯಾದ್‌ನಲ್ಲಿ ಐನೂರು ಮಂದಿ ವಿವಾಹಿತ ಯುವಕರನ್ನು ಸುಮಾರು ಮೂವತ್ತು ಜನರ ತಂಡಗಳಾಗಿ ಸೇರಿಸಿ ಅವರ ಮುಂದೆ ಒಂದು ಸರಳ ಹೇಳಿಕೆಯನ್ನು ಇಡಲಾಯಿತು. ಮಹಿಳೆಯರಿಗೆ ಮನೆಯ ಹೊರಗೆ ದುಡಿಯಲು ಅವಕಾಶವಿರಬೇಕು ಎಂಬುದು ಆ ಹೇಳಿಕೆ. ಇದನ್ನು ಒಪ್ಪುತ್ತೀರೋ ಇಲ್ಲವೋ ಎಂಬುದನ್ನು ಪ್ರತಿಯೊಬ್ಬರೂ ಪಕ್ಕದವರಿಗೆ ತಿಳಿಯದಂತೆ ದಾಖಲಿಸಬೇಕಿತ್ತು. ಅದಾದ ಮೇಲೆ ಎರಡನೆಯ ಪ್ರಶ್ನೆ ಬಂತು: ಈಗ ನಿಮ್ಮೊಡನೆ ಇಲ್ಲಿ ಕುಳಿತಿರುವವರಲ್ಲಿ ಎಷ್ಟು ಮಂದಿ ಈ ಹೇಳಿಕೆಯನ್ನು ಒಪ್ಪಿರಬಹುದು? ಊಹೆ ನಿಜಕ್ಕೆ ಹತ್ತಿರವಿದ್ದವರಿಗೆ ಬಹುಮಾನವೂ ಇದ್ದುದರಿಂದ, ಬಾಯಿಗೆ ಬಂದ ಸಂಖ್ಯೆಯನ್ನು ಹೇಳಿ ಮುಗಿಸುವ ಪ್ರಶ್ನೆ ಅದಾಗಿರಲಿಲ್ಲ.

ಮೊದಲ ಪ್ರಶ್ನೆಗೆ ಶೇ 87ರಷ್ಟು ಮಂದಿ ‘ಒಪ್ಪುತ್ತೇನೆ’ ಎಂದರು. ಎರಡನೆಯ ಪ್ರಶ್ನೆಗೆ ಬಂದ ಉತ್ತರಗಳ ಸರಾಸರಿ ಸುಮಾರು ಶೇ 63. ಮೂವತ್ತು ಜನರ ಲೆಕ್ಕದಲ್ಲಿ ಹೇಳುವುದಾದರೆ, ಕೋಣೆಯಲ್ಲಿ ಒಪ್ಪುವವರು ಇದ್ದದ್ದು 26 ಮಂದಿ. ಇರಬಹುದೆಂದು ಅಲ್ಲಿದ್ದವರೇ ಎಣಿಸಿದ್ದು 19 ಮಂದಿ. ನಡುವಿನ ಏಳು ಮಂದಿ ವಿರೋಧಿಗಳು ಆ ಕೋಣೆಯಲ್ಲಿ ಇರಲೇ ಇಲ್ಲ, ಆದರೆ ಅವರ ಅಂಜಿಕೆ ಮಾತ್ರ ಎಲ್ಲರ ಮನಸ್ಸಿನಲ್ಲೂ ಇತ್ತು. ಒಟ್ಟು ಭಾಗವಹಿಸಿದವರಲ್ಲಿ ಸುಮಾರು ಮುಕ್ಕಾಲು ಪಾಲು ಜನ ತಮ್ಮ ತಂಡದ ಬೆಂಬಲವನ್ನು ನಿಜಕ್ಕಿಂತ ಕಡಿಮೆಯೆಂದು ಭಾವಿಸಿದ್ದರು.

ಲಿಯೊನಾರ್ಡೊ ಬರ್ಸ್‌ಟಿನ್, ಅಲೆಸ್ಸಾಂಡ್ರಾ ಗೊನ್ಸಾಲೆಸ್ ಮತ್ತು ಡೇವಿಡ್ ಯಾನಗಿಝಾವಾ-ಡ್ರಾಟ್ ಎಂಬ ಮೂವರು ಸಂಶೋಧಕರು ನಡೆಸಿದ ಈ ಅಧ್ಯಯನ 2020ರಲ್ಲಿ ‘ಅಮೆರಿಕನ್ ಎಕನಾಮಿಕ್ ರಿವ್ಯೂ’ ಪತ್ರಿಕೆಯಲ್ಲಿ ಪ್ರಕಟವಾಯಿತು. ಅರ್ಥಶಾಸ್ತ್ರದ ಪತ್ರಿಕೆಯಲ್ಲಿ ಬಂದ ಕಾರಣ ಇದನ್ನು ಮಹಿಳಾ ಉದ್ಯೋಗದ ಅಧ್ಯಯನವೆಂದೇ ಹೆಚ್ಚಿನವರು ಓದಿದ್ದಾರೆ. ನನಗೆ ಇದು ಅದಕ್ಕಿಂತ ಮೂಲಭೂತವಾದ ಇನ್ನೊಂದು ಪ್ರಶ್ನೆಗೆ ಸಂಬಂಧಿಸಿದ್ದಾಗಿ ಕಾಣುತ್ತದೆ. ಒಬ್ಬ ವ್ಯಕ್ತಿಯ ನಂಬಿಕೆಗೂ ಅವನು ಬದುಕುವ ಸಮಾಜದ ಕಟ್ಟಳೆಗೂ ಅಂತರವಿದೆ ಎಂದು ನಾವು ಹೇಳುವಾಗ, ಒಂದು ಕಡೆ ಒಂಟಿ ವ್ಯಕ್ತಿಯನ್ನೂ ಇನ್ನೊಂದು ಕಡೆ ಒಮ್ಮತದ ಸಮಾಜವನ್ನೂ ಕಲ್ಪಿಸಿಕೊಳ್ಳುತ್ತೇವೆ. ಆ ಇನ್ನೊಂದು ಕಡೆಯಲ್ಲಿ ನಿಜಕ್ಕೂ ಯಾರಿದ್ದಾರೆ ಎಂದು ಎಣಿಸಿ ನೋಡುವ ಗೋಜಿಗೆ ಹೋಗುವುದು ಅಪರೂಪ. ರಿಯಾದ್‌ನಲ್ಲಿ ಆದದ್ದು ಆ ಎಣಿಕೆ.

ಹಿನ್ನೆಲೆ

ಗಂಡಂದಿರನ್ನೇ ಕೇಳಿದ್ದು ಏಕೆ ಎಂಬುದು ಅಲ್ಲಿನ ಪಾಲಕತ್ವದ ಪದ್ಧತಿಯನ್ನು ಅರಿತರೆ ಸ್ಪಷ್ಟವಾಗುತ್ತದೆ. ಸೌದಿ ಅರೇಬಿಯಾದಲ್ಲಿ ವಯಸ್ಕ ಮಹಿಳೆಗೂ ‘ವಲಿ’ ಎಂದು ಕರೆಯುವ ಒಬ್ಬ ಪುರುಷ ಪಾಲಕನಿರುತ್ತಿದ್ದ. ಮದುವೆಗೆ ಮುಂಚೆ ಸಾಮಾನ್ಯವಾಗಿ ತಂದೆ, ಮದುವೆಯ ನಂತರ ಗಂಡ. ಹೆಂಡತಿ ಹೊರಗೆ ದುಡಿಯಬೇಕೋ ಬೇಡವೋ ಎಂಬ ವಿಷಯದಲ್ಲಿ ರೂಢಿಯಂತೆ ಕೊನೆಯ ಮಾತು ಗಂಡನದೇ ಆಗಿತ್ತು. ಅಧ್ಯಯನ ನಡೆದ ಕಾಲಕ್ಕೆ ದುಡಿಯುವ ಅಥವಾ ಕೆಲಸ ಹುಡುಕುವ ಮಹಿಳೆಯರ ಪಾಲು ಅಲ್ಲಿ ಸುಮಾರು ಐದರಲ್ಲೊಂದು ಮಾತ್ರ. ಮಹಿಳೆಯರು ಕಾರು ಓಡಿಸುವುದಕ್ಕೆ ನಿಷೇಧವಿತ್ತು. ಅದನ್ನು ತೆಗೆಯುವ ರಾಜಾಜ್ಞೆ ಹೊರಟದ್ದು 2017ರ ಸೆಪ್ಟೆಂಬರಿನಲ್ಲಿ, ಜಾರಿಗೆ ಬಂದದ್ದು 2018ರ ಜೂನ್ 24ರಂದು. 21 ವರ್ಷ ದಾಟಿದ ಮಹಿಳೆ ಪಾಲಕನ ಒಪ್ಪಿಗೆಯಿಲ್ಲದೆ ಪಾಸ್‌ಪೋರ್ಟ್ ಪಡೆದು ಪ್ರಯಾಣ ಮಾಡಬಹುದೆಂಬ ನಿಯಮ ಬರಲು 2019ರ ಆಗಸ್ಟ್‌ವರೆಗೆ ಕಾಯಬೇಕಾಯಿತು. ಇತ್ತ ಸರ್ಕಾರವು 2016ರ ಏಪ್ರಿಲ್‌ನಲ್ಲಿ ಘೋಷಿಸಿದ ‘ವಿಷನ್ 2030’ ಯೋಜನೆಯಲ್ಲಿ ಉದ್ಯೋಗ ಕ್ಷೇತ್ರದಲ್ಲಿ ಮಹಿಳೆಯರ ಪಾಲನ್ನು ಶೇ 22ರಿಂದ ಶೇ 30ಕ್ಕೆ ಏರಿಸುವ ಗುರಿಯನ್ನು ಇಟ್ಟುಕೊಂಡಿತ್ತು.

ಅಂದರೆ ಕಾನೂನು, ರೂಢಿ ಮತ್ತು ಸರ್ಕಾರದ ಇಚ್ಛೆ ಮೂರೂ ಒಂದೇ ದಿಕ್ಕಿಗೆ ಮುಖ ಮಾಡಿರದಿದ್ದ ಕಾಲ ಅದು. ಇಂಥ ಕಾಲದಲ್ಲಿ ಜನರು ಒಬ್ಬರನ್ನೊಬ್ಬರು ತಪ್ಪಾಗಿ ಅಳೆಯುವ ಸಾಧ್ಯತೆ ಹೆಚ್ಚು. ಹಳೆಯ ಕಟ್ಟಳೆಯ ಗುರುತುಗಳು ಬೀದಿಯಲ್ಲಿ, ಕಚೇರಿಯಲ್ಲಿ, ನೆಂಟರ ಮಾತಿನಲ್ಲಿ ಇನ್ನೂ ಉಳಿದಿರುತ್ತವೆ. ಹೊಸ ನಂಬಿಕೆ ಮನಸ್ಸಿನೊಳಗೆ ಬೆಳೆದಿರುತ್ತದೆಯಾದರೂ ಅದಕ್ಕೆ ಹೊರಗೆ ಕಾಣುವ ಗುರುತು ಇನ್ನೂ ಹುಟ್ಟಿರುವುದಿಲ್ಲ.

ಇನ್ನೊಂದು ಸಂಗತಿಯನ್ನು ಇಲ್ಲಿಯೇ ಹೇಳಬೇಕು, ಏಕೆಂದರೆ ಪ್ರಕರಣದ ತೂಕವೆಲ್ಲ ಅದರ ಮೇಲಿದೆ. ಒಂದೊಂದು ತಂಡಕ್ಕೆ ಆರಿಸಿದವರು ನಗರದ ಒಂದೇ ಭಾಗದವರು. ಅವರಲ್ಲಿ ಅನೇಕರಿಗೆ ಪರಸ್ಪರ ಪರಿಚಯವಿತ್ತು. ಆದ್ದರಿಂದ ಎರಡನೆಯ ಪ್ರಶ್ನೆ ದೂರದ ‘ಸಮಾಜ’ದ ಬಗ್ಗೆ ಕೇಳಿದ್ದಲ್ಲ, ಎದುರಿಗೆ ಕುಳಿತಿದ್ದ, ಮುಖ ಗೊತ್ತಿದ್ದ ಜನರ ಬಗ್ಗೆ ಕೇಳಿದ್ದು. ಮುಖ ಗೊತ್ತಿದ್ದರೂ ಮನಸ್ಸು ಗೊತ್ತಿರಲಿಲ್ಲ. ದೇಶದ ಬೇರೆ ಬೇರೆ ಕಡೆಯ ಯುವಕರನ್ನು ಆನ್‌ಲೈನ್ ಮೂಲಕ ಕೇಳಿದಾಗಲೂ ಇದೇ ಚಿತ್ರ ಕಂಡಿತು: ಬಹುಪಾಲು ಜನರ ಸ್ವಂತ ಬೆಂಬಲ, ಇತರರ ಬೆಂಬಲ ಕಡಿಮೆಯೆಂಬ ಊಹೆ.

ನಂಬಿಕೆ ಒಂದಲ್ಲ, ಮೂರು

ಈ ಪ್ರಕರಣವನ್ನು ಅರ್ಥ ಮಾಡಿಕೊಳ್ಳಲು ಸಾಮಾಜಿಕ ಕಟ್ಟಳೆಗಳ ಬಗ್ಗೆ ಕೆಲಸ ಮಾಡಿರುವ ತತ್ವಶಾಸ್ತ್ರಜ್ಞೆ ಕ್ರಿಸ್ಟಿನಾ ಬಿಕ್ಕಿಯೇರಿ ಅವರು ಮಾಡುವ ಒಂದು ವಿಂಗಡಣೆ ತುಂಬ ಉಪಯುಕ್ತ. ಒಬ್ಬ ವ್ಯಕ್ತಿಯ ತಲೆಯಲ್ಲಿ ಮೂರು ಬೇರೆ ಬೇರೆ ಸಂಗತಿಗಳು ಇರುತ್ತವೆ. ಯಾವುದು ಸರಿ ಎಂದು ತಾನು ನಂಬಿರುವುದು ಒಂದು. ತನ್ನಂಥ ಇತರರು ವಾಸ್ತವದಲ್ಲಿ ಹೇಗೆ ನಡೆದುಕೊಳ್ಳುತ್ತಾರೆ ಎಂದು ತಾನು ಎಣಿಸಿರುವುದು ಇನ್ನೊಂದು. ತಾನು ಹೇಗೆ ನಡೆದುಕೊಂಡರೆ ಇತರರು ಸರಿ ಎನ್ನುತ್ತಾರೆ, ಹೇಗೆ ನಡೆದುಕೊಂಡರೆ ತಪ್ಪೆನ್ನುತ್ತಾರೆ ಎಂದು ತಾನು ಎಣಿಸಿರುವುದು ಮೂರನೆಯದು. ಇವುಗಳಲ್ಲಿ ಮೊದಲನೆಯದಷ್ಟೇ ಅವನಿಗೆ ನೇರವಾಗಿ ಗೊತ್ತಿರುವುದು; ಉಳಿದೆರಡೂ ಅಂದಾಜು. ಆದರೆ ನಡೆನುಡಿಯನ್ನು ಹೆಚ್ಚಾಗಿ ತೀರ್ಮಾನಿಸುವುದು ಆ ಅಂದಾಜುಗಳೇ. ‘ನಾಲ್ಕು ಜನ ಏನೆಂದಾರು’ ಎಂಬ ನಮ್ಮ ಮಾತಿನಲ್ಲಿ ಇರುವುದು ಈ ಮೂರನೆಯ ಸಂಗತಿ. ಆ ನಾಲ್ಕು ಜನರನ್ನು ನಿಲ್ಲಿಸಿ ಕೇಳಿದವರು ಕಡಿಮೆ.

ರಿಯಾದ್‌ನ ಯುವಕರಲ್ಲಿ ಮೊದಲನೆಯ ಸಂಗತಿ ಬದಲಾಗಿಹೋಗಿತ್ತು, ಮೂರನೆಯದು ಹಳೆಯ ಜಾಗದಲ್ಲೇ ಉಳಿದಿತ್ತು. ಇದಕ್ಕೆ ಸಾಮಾಜಿಕ ಮನೋವಿಜ್ಞಾನದಲ್ಲಿ ಒಂದು ಹಳೆಯ ಹೆಸರಿದೆ. 1931ರಲ್ಲಿ ಡೇನಿಯಲ್ ಕಾಟ್ಜ್ ಮತ್ತು ಫ್ಲಾಯ್ಡ್ ಆಲ್‌ಪೋರ್ಟ್ ಅಮೆರಿಕದ ವಿದ್ಯಾರ್ಥಿಗಳ ಮನೋಭಾವಗಳನ್ನು ಅಧ್ಯಯನ ಮಾಡುವಾಗ ಬಳಕೆಗೆ ತಂದ ‘ಪ್ಲೂರಲಿಸ್ಟಿಕ್ ಇಗ್ನೊರೆನ್ಸ್’ ಎಂಬ ಆ ಪದವನ್ನು ಕನ್ನಡದಲ್ಲಿ ಪರಸ್ಪರ ಅಜ್ಞಾನ ಎನ್ನಬಹುದು. ಮರುವರ್ಷ ರಿಚರ್ಡ್ ಶ್ಯಾಂಕ್ ಎಂಬವರು ನ್ಯೂಯಾರ್ಕ್ ರಾಜ್ಯದ ಒಂದು ಚಿಕ್ಕ ಗ್ರಾಮ ಸಮುದಾಯದ ಬಗ್ಗೆ ಬರೆದ ವರದಿಯಲ್ಲಿ ಇದೇ ಸ್ಥಿತಿಯನ್ನು ಕಾಣಬಹುದು. ಆ ಊರಿನ ಚರ್ಚ್ ಸದಸ್ಯರು ಬಹಿರಂಗವಾಗಿ ಇಸ್ಪೀಟು, ಮದ್ಯ, ತಂಬಾಕುಗಳನ್ನು ಖಂಡಿಸುತ್ತಿದ್ದರು, ಖಾಸಗಿಯಾಗಿ ಅವರಲ್ಲಿ ಅನೇಕರಿಗೆ ಅವುಗಳ ಬಗ್ಗೆ ತಕರಾರಿರಲಿಲ್ಲ. ಆದರೂ ಪ್ರತಿಯೊಬ್ಬರಿಗೂ ಉಳಿದವರು ಬಾಯಲ್ಲಿ ಹೇಳಿದ್ದನ್ನೇ ಮನಸ್ಸಿನಲ್ಲೂ ನಂಬಿದ್ದಾರೆ ಎಂಬ ಭಾವನೆ.

ಈ ಅಜ್ಞಾನ ಹುಟ್ಟುವುದು ಹೇಗೆ? ಜನ ಮೂರ್ಖರೆಂಬ ಕಾರಣಕ್ಕಂತೂ ಅಲ್ಲ. ಕಣ್ಣಿಗೆ ಕಾಣುವುದು ನಡೆ, ನಂಬಿಕೆ ಕಾಣುವುದಿಲ್ಲ. ನೆರೆಹೊರೆಯ ಹತ್ತು ಮನೆಗಳಲ್ಲಿ ಎಂಟರ ಗೃಹಿಣಿಯರು ಹೊರಗೆ ದುಡಿಯುತ್ತಿಲ್ಲವೆಂದರೆ ಆ ಎಂಟೂ ಮನೆಯ ಗಂಡಂದಿರು ಅದನ್ನು ವಿರೋಧಿಸುತ್ತಾರೆ ಎಂದು ತೀರ್ಮಾನಿಸುವುದು ಸುಲಭ. ಓಡಾಟಕ್ಕೆ ವಾಹನ ಇಲ್ಲದ್ದು, ಮಕ್ಕಳನ್ನು ನೋಡಿಕೊಳ್ಳುವವರು ಇಲ್ಲದ್ದು, ತಕ್ಕ ಕೆಲಸ ಸಿಗದಿದ್ದದ್ದು ಅಥವಾ ಆ ಎಂಟೂ ಮಂದಿ ನಮ್ಮ ಹಾಗೆಯೇ ಇತರರಿಗೆ ಅಂಜಿದ್ದು ಹೊರಗಿನಿಂದ ನೋಡುವವನಿಗೆ ಕಾಣುವುದಿಲ್ಲ. ಇದರ ಜೊತೆಗೆ ಇನ್ನೊಂದು ಸೂಕ್ಷ್ಮವಾದ ತಪ್ಪು ಸೇರಿಕೊಳ್ಳುತ್ತದೆ. ತನ್ನ ಮೌನಕ್ಕೆ ಕಾರಣ ಸಂಕೋಚ ಎಂಬುದು ಪ್ರತಿಯೊಬ್ಬನಿಗೂ ತಿಳಿದಿರುತ್ತದೆ. ಇತರರ ಮೌನಕ್ಕೆ ಕಾರಣ ಸಮ್ಮತಿ ಎಂದು ಅವನು ಭಾವಿಸುತ್ತಾನೆ. ಪಾಠ ಅರ್ಥವಾಗದ ತರಗತಿಯಲ್ಲಿ ಯಾರೂ ಕೈ ಎತ್ತದಿದ್ದಾಗ, ಉಳಿದವರಿಗೆಲ್ಲ ಅರ್ಥವಾಗಿದೆ, ತನಗೊಬ್ಬನಿಗೇ ಆಗಿಲ್ಲ ಎಂದು ಪ್ರತಿಯೊಬ್ಬ ವಿದ್ಯಾರ್ಥಿಯೂ ಅಂದುಕೊಳ್ಳುವುದು ಇದೇ ಕಾರಣದಿಂದ. ಡೇಲ್ ಮಿಲ್ಲರ್ ಮತ್ತು ಕ್ಯಾಥಿ ಮ್ಯಾಕ್‌ಫಾರ್ಲೆಂಡ್ 1987ರಲ್ಲಿ ಪ್ರಯೋಗದ ಮೂಲಕ ತೋರಿಸಿದ್ದು ಈ ಅಸಮಾನತೆಯನ್ನೇ: ಒಂದೇ ನಡೆಗೆ ನಮ್ಮ ವಿಷಯದಲ್ಲಿ ಒಂದು ಕಾರಣ, ಪರರ ವಿಷಯದಲ್ಲಿ ಬೇರೊಂದು ಕಾರಣ.

ಮಾತಾಡುವವರ ದನಿಯ ಪ್ರಶ್ನೆಯೂ ಇದೆ. ಹಳೆಯ ಕಟ್ಟಳೆಯನ್ನು ಎತ್ತಿಹಿಡಿಯುವವನಿಗೆ ಮಾತಾಡಲು ಧೈರ್ಯ ಬೇಕಿಲ್ಲ, ಅವನ ಬೆನ್ನಿಗೆ ರೂಢಿ ಇದೆ. ಭಿನ್ನವಾಗಿ ಯೋಚಿಸುವವನಿಗೆ ಪ್ರತಿ ಮಾತಿಗೂ ಲೆಕ್ಕ ಹಾಕಬೇಕಾಗುತ್ತದೆ. ಹೀಗಾಗಿ ಸಂಖ್ಯೆಯಲ್ಲಿ ನಾಲ್ವರೇ ಇರುವವರ ಮಾತು ಕಿವಿಗೆ ಹದಿನೈದು ಜನರ ಮಾತಿನಂತೆ ಕೇಳುತ್ತದೆ.

ಮನೆಯೊಳಗೆ ಒಂದು ಸಂಜೆ

ಅಂಕಿಗಳು ತೋರಿಸುವ ಈ ಸ್ಥಿತಿ ಒಂದು ಮನೆಯೊಳಗೆ ಹೇಗಿರಬಹುದು ಎಂದು ಊಹಿಸಿ ನೋಡುವುದು ಅಗತ್ಯವೆಂದು ನನಗೆ ಅನ್ನಿಸುತ್ತದೆ. ಮುಂದಿನದು ಅಧ್ಯಯನದಲ್ಲಿ ದಾಖಲಾದ ಘಟನೆಯಲ್ಲ, ಅದರ ಅಂಕಿಗಳಿಂದ ನಾನು ಕಟ್ಟಿಕೊಂಡ ಚಿತ್ರ.

ಹೆಂಡತಿ ಒಂದು ಸಂಜೆ ಯಾವುದೋ ಕೆಲಸದ ಪ್ರಕಟಣೆಯನ್ನು ಗಂಡನಿಗೆ ಫೋನಿನಲ್ಲಿ ತೋರಿಸುತ್ತಾಳೆ. ಅವನು ಓದುತ್ತಾನೆ. ಅವಳು ಆ ಕೆಲಸ ಮಾಡಬಲ್ಲಳು ಎಂಬುದರಲ್ಲಿ ಅವನಿಗೆ ಅನುಮಾನವಿಲ್ಲ, ಮಾಡಬಾರದು ಎಂಬ ನಂಬಿಕೆಯೂ ಇಲ್ಲ. ಆದರೆ ಓದಿ ಮುಗಿಸುವಷ್ಟರಲ್ಲಿ ಅಣ್ಣನ ಮುಖ, ಕಚೇರಿಯ ಇಬ್ಬರು ಹಿರಿಯರ ಮುಖ, ಶುಕ್ರವಾರದ ನಮಾಜಿನ ನಂತರ ಮಾತಿಗೆ ನಿಲ್ಲುವ ನೆರೆಯವನ ಮುಖ ಕಣ್ಣ ಮುಂದೆ ಹಾದುಹೋಗುತ್ತವೆ. ಅವರಲ್ಲಿ ಯಾರೊಬ್ಬರೂ ಈ ವಿಷಯದಲ್ಲಿ ಅವನೊಡನೆ ಎಂದೂ ಮಾತಾಡಿದವರಲ್ಲ. ಫೋನನ್ನು ಹಿಂದಿರುಗಿಸುತ್ತ ಅವನು ‘ಸ್ವಲ್ಪ ದಿನ ನೋಡೋಣ’ ಎನ್ನುತ್ತಾನೆ. ಅವಳು ಮತ್ತೆ ಕೇಳುವುದಿಲ್ಲ.

ಆ ‘ನೋಡೋಣ’ ಅವಳಿಗೆ ಕೇಳಿಸಿದ್ದು ಅವನ ಸ್ವಂತ ನಂಬಿಕೆಯಾಗಿ. ನೆರೆಯವನನ್ನು ಅವನು ತಪ್ಪಾಗಿ ಓದಿದ ಹಾಗೆಯೇ ಅವಳು ಅವನನ್ನು ತಪ್ಪಾಗಿ ಓದಿದಳು. ಅದೇ ಸಂಜೆ ನೆರೆಮನೆಯಲ್ಲೂ ಇದೇ ಮಾತು ನಡೆದು, ಇವನ ಮುಖ ಆ ನೆರೆಯವನ ಕಣ್ಣ ಮುಂದೆ ಬಂದಿರಬಹುದು. ನಂಬಿಕೆ ಮತ್ತು ಕಟ್ಟಳೆಯ ಅಂತರದ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಬೀದಿಯನ್ನೂ ಸಭೆಯನ್ನೂ ನೋಡುತ್ತಾರೆ. ಆದರೆ ತಪ್ಪು ಅಂದಾಜು ಕಟ್ಟಳೆಯಾಗಿ ಗಟ್ಟಿಯಾಗುವುದು ಇಂಥ ಎರಡು ಮಾತುಗಳ ನಡುವೆ. ಗಂಡ ಹೇಳದೆ ಉಳಿಸಿದ್ದು ಹೆಂಡತಿಯ ನಡೆಯಾಗುತ್ತದೆ, ಹೆಂಡತಿಯ ನಡೆ ಬೀದಿಗೆ ಕಾಣುವ ಸಾಕ್ಷಿಯಾಗುತ್ತದೆ, ಆ ಸಾಕ್ಷಿಯನ್ನು ನೋಡಿ ಮುಂದಿನ ಮನೆಯವನು ತನ್ನ ಅಂದಾಜನ್ನು ಖಚಿತಪಡಿಸಿಕೊಳ್ಳುತ್ತಾನೆ.

ನಿಜ ತಿಳಿದಾಗ ಆದದ್ದು

ಸಂಶೋಧಕರು ಎಣಿಕೆಯಲ್ಲಿ ನಿಲ್ಲಲಿಲ್ಲ. ಭಾಗವಹಿಸಿದವರಲ್ಲಿ ಅರ್ಧದಷ್ಟು ಮಂದಿಯನ್ನು ಚೀಟಿ ಎತ್ತಿದಂತೆ ಯಾದೃಚ್ಛಿಕವಾಗಿ ಆರಿಸಿ, ಅವರ ತಂಡದಲ್ಲಿ ಆ ಹೇಳಿಕೆಯನ್ನು ನಿಜವಾಗಿ ಒಪ್ಪಿದವರು ಎಷ್ಟು ಎಂಬುದನ್ನು ತಿಳಿಸಿದರು. ಉಳಿದರ್ಧ ಮಂದಿಗೆ ಏನನ್ನೂ ತಿಳಿಸಲಿಲ್ಲ. ಯಾರಿಗೂ ಉಪದೇಶ ಮಾಡಲಿಲ್ಲ; ಮಹಿಳೆ ದುಡಿದರೆ ಇಂಥ ಲಾಭವಿದೆ ಎಂಬ ವಾದವನ್ನು ಮುಂದಿಡಲಿಲ್ಲ. ಒಂದು ಸಂಖ್ಯೆಯಷ್ಟೇ. ಅದಾದ ಮೇಲೆ ಎಲ್ಲರಿಗೂ ಒಂದು ಆಯ್ಕೆ ಕೊಟ್ಟರು: ಸಣ್ಣ ಮೊತ್ತದ ಉಡುಗೊರೆ ಕಾರ್ಡ್ ಪಡೆಯಬಹುದು, ಅಥವಾ ಅದನ್ನು ಬಿಟ್ಟು ಸೌದಿ ಮಹಿಳೆಯರಿಗೆ ಕೆಲಸ ಹೊಂದಿಸಿಕೊಡುವ ಮೊಬೈಲ್ ಸೇವೆಯೊಂದರಲ್ಲಿ ಹೆಂಡತಿಯ ಹೆಸರನ್ನು ನೋಂದಾಯಿಸಬಹುದು.

ಈ ಆಯ್ಕೆಯನ್ನು ಹೀಗೆ ರೂಪಿಸಿದ್ದು ನನಗೆ ಬಹಳ ಮೆಚ್ಚುಗೆಯಾದ ಸಂಗತಿ. ಅಭಿಪ್ರಾಯಕ್ಕೆ ಖರ್ಚಿಲ್ಲ, ಸಂಶೋಧಕನನ್ನು ಮೆಚ್ಚಿಸಲು ಯಾರು ಬೇಕಾದರೂ ‘ಒಪ್ಪುತ್ತೇನೆ’ ಎಂದು ಬರೆಯಬಹುದು. ಚಿಕ್ಕದಾದರೂ ಏನನ್ನಾದರೂ ಬಿಟ್ಟುಕೊಟ್ಟಾಗ ಆ ಅಭಿಪ್ರಾಯಕ್ಕೆ ತೂಕ ಬರುತ್ತದೆ. ಸಂಖ್ಯೆ ತಿಳಿಯದ ಗುಂಪಿನಲ್ಲಿ ಶೇ 23ರಷ್ಟು ಮಂದಿ ಹೆಂಡತಿಯ ಹೆಸರನ್ನು ನೋಂದಾಯಿಸಿದರು. ತಿಳಿದ ಗುಂಪಿನಲ್ಲಿ ಸುಮಾರು ಶೇ 32ರಷ್ಟು ಮಂದಿ. ಬದಲಾವಣೆ ಹೆಚ್ಚಾಗಿ ಕಂಡದ್ದು ಮೊದಲು ಇತರರ ಬೆಂಬಲವನ್ನು ಕಡಿಮೆಯೆಂದು ಎಣಿಸಿದ್ದವರಲ್ಲಿ.

ಮೂರರಿಂದ ಐದು ತಿಂಗಳ ನಂತರ ಅದೇ ಯುವಕರಿಗೆ ದೂರವಾಣಿ ಕರೆ ಮಾಡಿ ಏನಾಯಿತೆಂದು ವಿಚಾರಿಸಲಾಯಿತು. ಎಲ್ಲರೂ ಸಿಗಲಿಲ್ಲ, ಬಹುಪಾಲು ಜನ ಸಿಕ್ಕರು. ಸಂಖ್ಯೆ ತಿಳಿಯದ ಗುಂಪಿನಲ್ಲಿ ಸುಮಾರು ಶೇ 6ರಷ್ಟು ಮಂದಿಯ ಹೆಂಡತಿಯರು ಮನೆಯ ಹೊರಗಿನ ಕೆಲಸಕ್ಕೆ ಅರ್ಜಿ ಹಾಕಿದ್ದರೆ, ತಿಳಿದ ಗುಂಪಿನಲ್ಲಿ ಅದು ಸುಮಾರು ಶೇ 16. ಸಂದರ್ಶನದವರೆಗೆ ಹೋದವರು ಒಂದು ಗುಂಪಿನಲ್ಲಿ ಸುಮಾರು ಶೇ 1, ಇನ್ನೊಂದರಲ್ಲಿ ಸುಮಾರು ಶೇ 6. ನೆರೆಹೊರೆಯವರ ಅಭಿಪ್ರಾಯದ ಬಗ್ಗೆ ಕೇಳಿದಾಗಲೂ ಎರಡು ಗುಂಪುಗಳ ಅಂದಾಜು ಬೇರೆಯಾಗಿತ್ತು. ಒಂದು ಕೋಣೆಯ ಸಂಖ್ಯೆ ಕೋಣೆಯಾಚೆಗಿನ ಜನರನ್ನು ನೋಡುವ ರೀತಿಯನ್ನೂ ಬದಲಾಯಿಸಿತ್ತು.

ಇಲ್ಲಿ ಒಂದು ಎಚ್ಚರಿಕೆ. ಕೆಲಸ ಸಿಕ್ಕಿದವರ ವಿಷಯದಲ್ಲಿ ಎರಡು ಗುಂಪುಗಳ ನಡುವೆ ಖಚಿತವಾಗಿ ಹೇಳಬಹುದಾದಷ್ಟು ವ್ಯತ್ಯಾಸ ಆ ಅವಧಿಯಲ್ಲಿ ಕಾಣಲಿಲ್ಲ. ಹುಡುಕಾಟ ಹೆಚ್ಚಿತು, ಉದ್ಯೋಗ ಅಷ್ಟರಲ್ಲಿ ಹೆಚ್ಚಲಿಲ್ಲ. ಮನಸ್ಸಿನ ಅಡ್ಡಿ ಸರಿದ ಮಾತ್ರಕ್ಕೆ ವಾಹನ, ಶಿಶುಪಾಲನೆ, ಕೆಲಸ ಕೊಡುವವರ ಧೋರಣೆ ಇವೆಲ್ಲ ತಾವಾಗಿ ಸರಿಯುವುದಿಲ್ಲ. ಶೇ 87ರಷ್ಟು ಮಂದಿ ಒಪ್ಪಿದರೂ, ನಿಜ ತಿಳಿದ ಮೇಲೂ, ಮೂರರಲ್ಲಿ ಎರಡು ಪಾಲು ಜನ ಹೆಸರು ನೋಂದಾಯಿಸಲಿಲ್ಲ ಎಂಬುದನ್ನು ಮರೆಯಬಾರದು. ಅವರಲ್ಲಿ ಕೆಲವರ ಹೆಂಡತಿಯರಿಗೆ ಕೆಲಸ ಬೇಕಿಲ್ಲದಿರಬಹುದು, ಕೆಲವರ ಹೆಂಡತಿಯರು ಆಗಲೇ ಕೆಲಸದಲ್ಲಿರಬಹುದು, ಕೆಲವರ ಮನೆಯಲ್ಲಿ ಎಳೆಯ ಮಕ್ಕಳಿರಬಹುದು. ‘ಮಹಿಳೆಯರಿಗೆ ಅವಕಾಶವಿರಬೇಕು’ ಎಂಬ ಮಾತಿಗೂ ‘ನನ್ನ ಹೆಂಡತಿ ನಾಳೆ ಕೆಲಸಕ್ಕೆ ಹೋಗಲಿ’ ಎಂಬ ಮಾತಿಗೂ ನಡುವೆ ದೂರವಿದೆ, ಆ ದೂರವನ್ನೆಲ್ಲ ನೆರೆಯವರ ಮೇಲೆ ಹೊರಿಸುವುದು ನ್ಯಾಯವಲ್ಲ.

ಈ ಪ್ರಕರಣ ಹೇಳದೆ ಇರುವುದು

ಇದನ್ನು ಉಲ್ಲೇಖಿಸುವವರು ಕೆಲವೊಮ್ಮೆ ಇದರಿಂದ ಒಂದು ಸುಲಭದ ಸೂತ್ರವನ್ನು ತೆಗೆಯುತ್ತಾರೆ: ನಿಜವಾದ ಬಹುಮತವನ್ನು ಪ್ರಕಟಿಸಿದರೆ ಸಾಕು, ಹಳೆಯ ಕಟ್ಟಳೆ ಕಳಚಿ ಬೀಳುತ್ತದೆ. ನಾನು ಇದನ್ನು ಒಪ್ಪುವುದಿಲ್ಲ. ರಿಯಾದ್‌ನಲ್ಲಿ ಸಂಖ್ಯೆ ಕೆಲಸ ಮಾಡಿದ್ದು ಬಹುಮತ ಆಗಲೇ ಬದಲಾವಣೆಯ ಕಡೆಗಿದ್ದುದರಿಂದ. ಶೇ 87ರ ಜಾಗದಲ್ಲಿ ಶೇ 30 ಇದ್ದಿದ್ದರೆ, ಶೇ 63 ಎಂದು ಊಹಿಸಿಕೊಂಡು ಇದ್ದ ಅಷ್ಟಿಷ್ಟು ಧೈರ್ಯವನ್ನೂ ಆ ಸಂಖ್ಯೆ ಕಿತ್ತುಕೊಳ್ಳುತ್ತಿತ್ತು. ಬಹುಮತವನ್ನು ಪ್ರಕಟಿಸುವುದು ಎರಡೂ ಕಡೆಗೆ ಎಳೆಯಬಲ್ಲದು ಎಂಬುದಕ್ಕೆ ಬೇರೆ ಕ್ಷೇತ್ರದ ಸಾಕ್ಷ್ಯವಿದೆ. ಅಮೆರಿಕದ ಕ್ಯಾಲಿಫೋರ್ನಿಯಾದ ಸ್ಯಾನ್ ಮಾರ್ಕೋಸ್‌ನಲ್ಲಿ ಸುಮಾರು 290 ಮನೆಗಳಿಗೆ ನೆರೆಹೊರೆಯ ಸರಾಸರಿ ವಿದ್ಯುತ್ ಬಳಕೆಯನ್ನು ತಿಳಿಸಿದ ಅಧ್ಯಯನ 2007ರಲ್ಲಿ ಪ್ರಕಟವಾಯಿತು. ಸರಾಸರಿಗಿಂತ ಹೆಚ್ಚು ಬಳಸುತ್ತಿದ್ದವರು ಕಡಿಮೆ ಮಾಡಿದರು. ಆದರೆ ಅದುವರೆಗೆ ಮಿತವಾಗಿ ಬಳಸುತ್ತಿದ್ದವರು ಸರಾಸರಿಯ ಕಡೆಗೆ ಏರಿದರು. ಕಡಿಮೆ ಬಳಸಿದವರ ಚೀಟಿಯ ಮೇಲೆ ಮೆಚ್ಚುಗೆ ಸೂಚಿಸುವ ಒಂದು ನಗುಮುಖವನ್ನು ಬರೆದಾಗ ಆ ಏರಿಕೆ ನಿಂತಿತು.

ಆದ್ದರಿಂದ ಒಬ್ಬ ವ್ಯಕ್ತಿಯ ನಂಬಿಕೆ ಸಮಾಜದ ಕಟ್ಟಳೆಗಿಂತ ಬೇರೆಯಾಗಿದೆ ಎಂದಾಗ ಅದು ಎರಡು ಬೇರೆ ಸ್ಥಿತಿಗಳಲ್ಲಿ ಯಾವುದು ಎಂಬುದನ್ನು ಮೊದಲು ತಿಳಿಯಬೇಕು. ಉಳಿದವರು ನಿಜಕ್ಕೂ ಬೇರೆ ನಂಬಿಕೆಯವರಾಗಿದ್ದು ಅವನು ನಿಜಕ್ಕೂ ಒಂಟಿಯಾಗಿರಬಹುದು. ಹಾಗಿದ್ದಲ್ಲಿ ಅವನಿಗೆ ಬೇಕಾದದ್ದು ವಾದ, ತಾಳ್ಮೆ, ಕಾನೂನಿನ ರಕ್ಷಣೆ, ಕಷ್ಟ ಬಂದಾಗ ಜೊತೆ ನಿಲ್ಲುವ ಒಬ್ಬಿಬ್ಬರು. ಸಂಖ್ಯೆಗಳಿಂದ ಅವನಿಗೆ ಸಿಗುವುದೇನೂ ಇಲ್ಲ. ಅಥವಾ ಉಳಿದವರೂ ಅವನಂತೆಯೇ ಯೋಚಿಸುತ್ತಿದ್ದು, ಒಂಟಿತನವೇ ತಪ್ಪು ಅಂದಾಜಾಗಿರಬಹುದು. ಒಳಗಿನಿಂದ ಈ ಎರಡೂ ಸ್ಥಿತಿಗಳ ಅನುಭವ ಒಂದೇ ತೆರನಾದದ್ದು, ಅದೇ ಸಂಕೋಚ, ಅದೇ ಎಚ್ಚರ, ಅದೇ ಮಾತು ನುಂಗುವಿಕೆ. ಅನುಭವವನ್ನು ಎಷ್ಟು ಕೆದಕಿದರೂ ತಾನು ಯಾವ ಸ್ಥಿತಿಯಲ್ಲಿದ್ದೇನೆ ಎಂಬುದು ತಿಳಿಯುವುದಿಲ್ಲ. ಯಾರನ್ನಾದರೂ ಕೇಳಲೇಬೇಕು, ಕೇಳುವುದಕ್ಕೆ ಸುರಕ್ಷಿತವಾದ ದಾರಿ ಇರಬೇಕು. ರಿಯಾದ್‌ನಲ್ಲಿ ಸಂಶೋಧಕರು ಒದಗಿಸಿದ್ದು ಆ ದಾರಿಯನ್ನು. ಸಾಮಾನ್ಯ ಬದುಕಿನಲ್ಲಿ ಅದು ಹೆಚ್ಚಿನವರಿಗೆ ಸಿಗುವುದಿಲ್ಲ.

ಎರಡನೆಯ ಸ್ಥಿತಿ ಸೌದಿ ಅರೇಬಿಯಾಕ್ಕೆ ಮಾತ್ರ ಸೀಮಿತ ಎಂದು ಯಾರೂ ನೆಮ್ಮದಿಪಟ್ಟುಕೊಳ್ಳಬೇಕಾಗಿಲ್ಲ. 1968ರಲ್ಲಿ ಅಮೆರಿಕದ ಬಿಳಿಯರಲ್ಲಿ ಜನಾಂಗೀಯ ಪ್ರತ್ಯೇಕತೆಯನ್ನು ಬಯಸುವವರು ಅಲ್ಪಸಂಖ್ಯಾತರಾಗಿದ್ದರೂ, ತಮ್ಮ ಸುತ್ತಲಿನ ಬಿಳಿಯರಲ್ಲಿ ಅದಕ್ಕೆ ಇರುವ ಬೆಂಬಲವನ್ನು ಜನ ಬಹಳ ಹೆಚ್ಚಾಗಿ ಊಹಿಸಿದ್ದರೆಂದು ಹ್ಯೂಬರ್ಟ್ ಓ’ಗೋರ್ಮನ್ 1975ರಲ್ಲಿ ತೋರಿಸಿದರು. ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ಮೇಲೆ ಡೆಬೊರಾ ಪ್ರೆಂಟಿಸ್ ಮತ್ತು ಡೇಲ್ ಮಿಲ್ಲರ್ 1993ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆವರಣದ ಕುಡಿತದ ರೂಢಿಯ ಬಗ್ಗೆ ತನಗಿಂತ ಇತರರು ಹೆಚ್ಚು ನಿರಾಳವಾಗಿದ್ದಾರೆಂದು ಸರಾಸರಿ ವಿದ್ಯಾರ್ಥಿ ನಂಬಿದ್ದ. ಅಲ್ಲಿ ಇನ್ನೊಂದು ವಿಚಾರವೂ ಬೆಳಕಿಗೆ ಬಂತು, ಅದು ನನ್ನನ್ನು ಹೆಚ್ಚು ಕಾಡುತ್ತದೆ. ಕಾಲ ಕಳೆದಂತೆ ಗಂಡು ವಿದ್ಯಾರ್ಥಿಗಳ ಸ್ವಂತ ಅಭಿಪ್ರಾಯ ಆ ತಪ್ಪು ಅಂದಾಜಿನ ಕಡೆಗೆ ಸರಿಯಿತು. ಇಲ್ಲದ ಬಹುಮತಕ್ಕೆ ಹೊಂದಿಕೊಳ್ಳುತ್ತ ಹೋದರೆ ಒಂದು ದಿನ ಆ ಬಹುಮತ ನಿಜವಾಗಿಬಿಡಬಹುದು. ಬರ್ಸ್‌ಟಿನ್ ಮತ್ತು ಸಹೋದ್ಯೋಗಿಗಳು ಮುಂದೆ 60 ದೇಶಗಳಲ್ಲಿ ನಡೆಸಿದ ಸಮೀಕ್ಷೆಯಲ್ಲೂ ಮಹಿಳೆಯರ ಹಕ್ಕುಗಳ ಬಗ್ಗೆ ಇತರರ ಅಭಿಪ್ರಾಯವನ್ನು ತಪ್ಪಾಗಿ ಎಣಿಸುವುದು ಎಲ್ಲೆಡೆ ಕಂಡುಬಂತು.

ಸೌದಿ ಅರೇಬಿಯಾದಲ್ಲಿ ಆನಂತರ ಆದದ್ದನ್ನೂ ದಾಖಲಿಸಬೇಕು. 2020ರ ಕೊನೆಯ ಹೊತ್ತಿಗೆ ದುಡಿಯುವ ಅಥವಾ ಕೆಲಸ ಹುಡುಕುವ ಮಹಿಳೆಯರ ಪಾಲು ಸುಮಾರು ಮೂರರಲ್ಲೊಂದಕ್ಕೆ ಏರಿ, ಸರ್ಕಾರ 2030ಕ್ಕೆಂದು ಇಟ್ಟುಕೊಂಡಿದ್ದ ಶೇ 30ರ ಗುರಿಯನ್ನು ಹತ್ತು ವರ್ಷ ಮೊದಲೇ ದಾಟಿತು. ಇದಕ್ಕೆ ಕಾನೂನಿನ ಬದಲಾವಣೆ, ಆರ್ಥಿಕ ಒತ್ತಡ, ಸರ್ಕಾರದ ನೀತಿ ಎಲ್ಲವೂ ಕಾರಣ. ಐನೂರು ಜನರ ಪ್ರಯೋಗಕ್ಕೆ ಅದರ ಶ್ರೇಯಸ್ಸು ಸಲ್ಲುವುದಿಲ್ಲ. ಆದರೂ ಇಷ್ಟು ಬೇಗ ಇಷ್ಟು ದೊಡ್ಡ ಬದಲಾವಣೆ ಸಾಧ್ಯವಾದದ್ದಕ್ಕೆ ಒಂದು ಕಾರಣ, ಕಾನೂನು ಬದಲಾಗುವ ಮೊದಲೇ ಅನೇಕ ಮನೆಗಳಲ್ಲಿ ನಂಬಿಕೆ ಬದಲಾಗಿದ್ದು ಎಂದು ಭಾವಿಸಲು ಈ ಪ್ರಕರಣ ಆಧಾರ ಕೊಡುತ್ತದೆ.

ನನಗೆ ಉಳಿದಿರುವ ಅಸಮಾಧಾನ ಒಂದೇ, ಅದು ಸಣ್ಣದಲ್ಲ. ಈ ಇಡೀ ಅಧ್ಯಯನದಲ್ಲಿ ಪ್ರಶ್ನೆ ಕೇಳಿದ್ದು ಗಂಡಂದಿರನ್ನು. ತೀರ್ಮಾನದ ಅಧಿಕಾರ ಅವರ ಕೈಯಲ್ಲಿದ್ದುದರಿಂದ ಸಂಶೋಧನೆಯ ದೃಷ್ಟಿಯಿಂದ ಅದು ಸರಿಯಾದ ಆಯ್ಕೆ. ತಿಂಗಳುಗಳ ನಂತರ ಹೆಂಡತಿ ಅರ್ಜಿ ಹಾಕಿದಳೇ, ಸಂದರ್ಶನಕ್ಕೆ ಹೋದಳೇ ಎಂಬುದನ್ನು ಹೇಳಿದವರೂ ಗಂಡಂದಿರೇ. ಆ ನೂರರಲ್ಲಿ ಹದಿನಾರು ಮಂದಿ ಹೆಂಡತಿಯರು ತಮ್ಮ ಗಂಡಂದಿರ ಮನಸ್ಸನ್ನು ಮೊದಲು ಹೇಗೆ ಎಣಿಸಿದ್ದರು, ‘ನೋಡೋಣ’ ಎಂಬ ಉತ್ತರವನ್ನು ಎಷ್ಟು ಸಲ ಕೇಳಿದ್ದರು, ಗಂಡ ಒಂದು ದಿನ ಬಂದು ತಾನಾಗಿಯೇ ಆ ಮಾತೆತ್ತಿದಾಗ ಏನೆಂದರು ಎಂಬುದಕ್ಕೆ ಆ ಕೋಷ್ಟಕಗಳಲ್ಲಿ ಸ್ಥಳವಿಲ್ಲ. ಆ ಎರಡನೆಯ ಪ್ರಶ್ನೆಯನ್ನು, ನಿನ್ನ ಗಂಡ ಇದನ್ನು ಒಪ್ಪಿರಬಹುದೇ ಎಂದು, ಅದೇ ದಿನ ಅವರನ್ನೂ ಕೇಳಿದ್ದರೆ ಬರುತ್ತಿದ್ದ ಸಂಖ್ಯೆ ಎಷ್ಟೆಂದು ತಿಳಿಯುವ ಆಸೆ ನನ್ನಲ್ಲಿ ಉಳಿದಿದೆ.